ಹಸಿರು ದೀಪವನ್ನು ನಂಬಿ ಕೂತರೆ

ಅಡಿಕೆ ಸುಲಿಯುವ ಯಂತ್ರ ಕೆಟ್ಟಿತೆಂದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಬೆಲ್ಟು ಹರಿಯುತ್ತದೆ, ಮೋಟಾರು ಗುರ್ರೆನ್ನುತ್ತದೆ, ಇಲ್ಲವೇ ಸುಟ್ಟ ವಾಸನೆ ಬರುತ್ತದೆ. ಉಬ್ರಾಣಿಯಿಂದ ಚನ್ನಗಿರಿಗೆ ಹೋಗಿ ಬಿಡಿಭಾಗ ತಂದು ಹಾಕಿದರೆ ಮತ್ತೆ ಓಡುತ್ತದೆ. ಅದನ್ನು ಮಾಡಿದ ಕಂಪನಿ ಬಾಗಿಲು ಮುಚ್ಚಿದ್ದರೂ ಚಿಂತೆಯಿಲ್ಲ. ಲೇತ್ ಇಟ್ಟುಕೊಂಡ ಮೇಸ್ತ್ರಿ ಒಬ್ಬನಿದ್ದರೆ ಸಾಕು, ಸವೆದ ಹಲ್ಲುಚಕ್ರವನ್ನೇ ಹೊಸದಾಗಿ ಕಡೆದು ಕೊಟ್ಟಾನು.

ಅದೇ ಮನೆಯ ಒಳಗೆ, ಟಿವಿಯ ಪಕ್ಕದ ಗೋಡೆಯ ಮೇಲೆ, ಇನ್ನೊಂದು ಯಂತ್ರವಿದೆ. ಅಂಗೈಯಗಲದ ಪೆಟ್ಟಿಗೆ, ಎರಡು ಕೊಂಬು, ನಾಲ್ಕಾರು ಹಸಿರು ದೀಪ. ಮಕ್ಕಳು ಅದನ್ನು ರೂಟರ್ ಎನ್ನುತ್ತಾರೆ, ಹಿರಿಯರು ವೈಫೈ ಬಾಕ್ಸ್ ಎನ್ನುತ್ತಾರೆ. ಇದು ಕೆಡುವ ರೀತಿಯೇ ಬೇರೆ. ಸದ್ದಿಲ್ಲ, ವಾಸನೆಯಿಲ್ಲ. ತೈವಾನಿನಲ್ಲೋ ಅಮೆರಿಕದಲ್ಲೋ ಕೂತ ಕಂಪನಿ ‘ಈ ಮಾದರಿಗೆ ಇನ್ನು ನಮ್ಮ ಬೆಂಬಲ ಇಲ್ಲ’ ಎಂದು ತನ್ನ ತಾಣದಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡಿರುತ್ತದೆ. ಪೆಟ್ಟಿಗೆ ಅಂದಿಗೆ ತಬ್ಬಲಿಯಾಯಿತು. ದೀಪ ಮಾತ್ರ ಎಂದಿನಂತೆ ಹಸಿರಾಗಿಯೇ ಇರುತ್ತದೆ.

ಹಳ್ಳಿಗಳಿಗೆ ಈ ತಬ್ಬಲಿಗಳು ಬಂದು ಸೇರಲು ಇನ್ನೊಂದು ದಾರಿಯೂ ಇದೆ. ಬೆಂಗಳೂರಿನಲ್ಲಿರುವ ಅಣ್ಣ ಹೊಸ ಮೊಬೈಲು ಕೊಂಡಾಗ ಹಳೆಯದು ಊರಿನ ತಮ್ಮನಿಗೆ ಬರುತ್ತದಲ್ಲ, ರೂಟರೂ ಹಾಗೆಯೇ ಬರುತ್ತದೆ. ಕಂಪ್ಯೂಟರಿನ ಕಡತಗಳನ್ನೆಲ್ಲ ನಕಲು ಮಾಡಿ ಇಡುವ, ವೈಫೈ ಮೂಲಕವೇ ತೆರೆಯಬಹುದಾದ ಬ್ಯಾಕಪ್ ಪೆಟ್ಟಿಗೆಯೂ ಬರುತ್ತದೆ. ದಾವಣಗೆರೆಯ ಕಾಲೇಜಿಗೆ ಹೋಗುವ ಮಗಳು ಇದನ್ನು ಬದಲಿಸಬೇಕೆಂದರೆ ಅಪ್ಪನ ಉತ್ತರ ಸಿದ್ಧ: “ಚೆನ್ನಾಗೇ ಓಡ್ತಾ ಐತಲ್ಲಮ್ಮ, ಮತ್ಯಾಕೆ ಹೊಸದು?” ಅವರ ಮಾತಿನಲ್ಲಿ ತಪ್ಪೇನಿಲ್ಲ. ಪಂಪ್‌ಸೆಟ್ಟಿಗೆ, ಟಿಲ್ಲರಿಗೆ, ಗೋಡೆ ಗಡಿಯಾರಕ್ಕೆ ಈ ಲೆಕ್ಕ ಸರಿಯಾಗಿಯೇ ಇದೆ. ಈ ಪೆಟ್ಟಿಗೆಗೆ ಮಾತ್ರ ಸರಿಹೊಂದದು. ಏಕೆ?

ರೂಟರ್ ಎಂಬುದು ಪರದೆಯೂ ಕೀಲಿಮಣೆಯೂ ಇಲ್ಲದ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೂ ತಂತ್ರಾಂಶವಿದೆ. ಮನುಷ್ಯರು ಬರೆದದ್ದಾದ್ದರಿಂದ ಅದರಲ್ಲಿ ತಪ್ಪುಗಳೂ ಇವೆ. ಯಾರಾದರೂ ಒಂದು ತಪ್ಪನ್ನು ಪತ್ತೆ ಹಚ್ಚಿದಾಗ ಕಂಪನಿ ಅದಕ್ಕೊಂದು ತೇಪೆ ಸಿದ್ಧಪಡಿಸಿ ಕಳಿಸುತ್ತದೆ. ಬೆಂಬಲ ಎಂದರೆ ಇಷ್ಟೇ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಶತಮಾನಗಳಿಂದ ಎರಡು ಗುಡ್ಡಗಳ ನಡುವಿನ ಏರಿಯನ್ನು ನಂಬಿ ನಿಂತಿದೆ. ಆ ಏರಿಯ ಮೇಲೆ ಗಿಡ ಬೇರುಬಿಟ್ಟರೆ, ಇಲಿ ಬಿಲ ತೋಡಿದರೆ, ನೋಡಿ ಮುಚ್ಚುವವರು ಬೇಕೇ ಬೇಕು. ನೋಡುವವರಿಲ್ಲದ ಏರಿಯೂ ಒಂದಷ್ಟು ಕಾಲ ನೀರು ಹಿಡಿಯುತ್ತದೆ, ನಾಲೆಯಲ್ಲಿ ನೀರು ಹರಿಯುತ್ತದೆ. ನೀರು ಹರಿಯುತ್ತಿದೆ ಎಂದ ಮಾತ್ರಕ್ಕೆ ಬಿಲ ಇಲ್ಲವೆಂದು ಅರ್ಥವಲ್ಲ.

ಕೆರೆಗೂ ರೂಟರಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಇಲಿ ತನ್ನಷ್ಟಕ್ಕೆ ಬಿಲ ತೋಡುತ್ತದೆ. ಅಂತರಜಾಲದಲ್ಲಾದರೋ ಬಿಲ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಅವರ ತಂತ್ರಾಂಶಗಳು ಹಗಲು ರಾತ್ರಿ ಒಂದೊಂದೇ ವಿಳಾಸದ ಬಾಗಿಲು ತಟ್ಟುತ್ತಾ ಸಾಗುತ್ತವೆ. ಅವುಗಳಿಗೆ ನ್ಯೂಯಾರ್ಕೂ ಒಂದೇ, ಉಬ್ರಾಣಿಯೂ ಒಂದೇ. ‘ಹಳ್ಳಿಯ ಮನೆಗೆ ಯಾರು ಕನ್ನ ಹಾಕುತ್ತಾರೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಕರ್ನಾಟಕ ಇದನ್ನು ಒಮ್ಮೆ ಅನುಭವಿಸಿದೆ. 2017ರ ಜುಲೈ ಕೊನೆಯಲ್ಲಿ ಬಿಎಸ್ಸೆನ್ನೆಲ್‌ನ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ದುಷ್ಟ ತಂತ್ರಾಂಶವೊಂದು ಒಳನುಗ್ಗಿತ್ತು. ನುಗ್ಗಲು ಅದೇನೂ ಮಹಾ ಸಾಹಸ ಮಾಡಿರಲಿಲ್ಲ. ಕಾರ್ಖಾನೆಯಲ್ಲಿ ಇಟ್ಟಿದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಯಾರು ಬದಲಿಸಿರಲಿಲ್ಲವೋ ಅವರ ಮೋಡೆಮ್‌ಗಳು ಸುಲಭವಾಗಿ ಸಿಕ್ಕಿಬಿದ್ದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಆಮೇಲೆ ಗ್ರಾಹಕರಿಗೆಲ್ಲ ಸೂಚನೆ ಕೊಟ್ಟಿತು. ಇಲ್ಲಿ ಕಂಪನಿಯ ಬೆಂಬಲ ತಪ್ಪಿದ್ದೇ ಕಾರಣವೆನ್ನಲಾಗದು, ಮನೆಯವರ ಮರೆವಿನ ಪಾಲೂ ಇತ್ತು. ಆದರೆ ಗೋಡೆಯ ಮೇಲಿನ ಪೆಟ್ಟಿಗೆಯನ್ನು ತಂದ ದಿನದಿಂದ ಯಾರೂ ಮುಟ್ಟಿಲ್ಲವೆಂದರೆ ಏನಾಗಬಹುದು ಎಂಬುದು ಅಂದು ಮನೆಮನೆಗೆ ತಿಳಿಯಿತು.

ಅಂದು ಹೋದದ್ದು ಸಂಪರ್ಕ. ಅದು ಮತ್ತೆ ಬರುತ್ತದೆ. ಹೋದರೆ ಬಾರದ್ದು ಬ್ಯಾಕಪ್ ಪೆಟ್ಟಿಗೆಯೊಳಗೆ ಇದೆ.

ವೆಸ್ಟರ್ನ್ ಡಿಜಿಟಲ್ ಎಂಬ ಅಮೆರಿಕದ ಕಂಪನಿ 2010ರಲ್ಲಿ ‘ಮೈ ಬುಕ್ ಲೈವ್’ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ನೋಡಲು ದಪ್ಪ ಪುಸ್ತಕದಂತೆ, ಒಳಗೊಂದು ಹಾರ್ಡ್ ಡಿಸ್ಕ್. ರೂಟರಿಗೆ ಸಿಕ್ಕಿಸಿಬಿಟ್ಟರೆ ಮನೆಯ ಎಲ್ಲ ಕಂಪ್ಯೂಟರುಗಳ ಫೋಟೋ, ಪತ್ರ, ಲೆಕ್ಕಪತ್ರಗಳನ್ನು ಅದರಲ್ಲಿ ಇಡಬಹುದು, ಪರ ಊರಿನಲ್ಲಿ ಕೂತೂ ತೆರೆದು ನೋಡಬಹುದು. ಅದಕ್ಕೆ ಕೊನೆಯ ತೇಪೆ ಬಂದದ್ದು 2015ರಲ್ಲಿ. 2018ರಲ್ಲಿ ಅದರಲ್ಲೊಂದು ಗಂಭೀರ ದೋಷ ಪತ್ತೆಯಾಯಿತು. ಬೆಂಬಲ ಮುಗಿದಿದ್ದರಿಂದ ತೇಪೆ ಬರಲಿಲ್ಲ. ಪೆಟ್ಟಿಗೆಗಳು ಮಾತ್ರ ಜಗತ್ತಿನ ಎಷ್ಟೋ ಮನೆಗಳಲ್ಲಿ ದೀಪ ಮಿನುಗಿಸುತ್ತಾ ಕೂತೇ ಇದ್ದವು.

2021ರ ಜೂನ್ 23ರಂದು ಮತ್ತು ಅದರ ಆಸುಪಾಸಿನಲ್ಲಿ ಆ ಪೆಟ್ಟಿಗೆಗಳು ಒಂದೊಂದಾಗಿ ತಮ್ಮನ್ನು ತಾವೇ ಅಳಿಸಿಕೊಂಡವು! ದೂರದಿಂದ ಯಾರೋ ‘ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳು’ ಎಂದು ಆಜ್ಞೆ ಕೊಟ್ಟಿದ್ದರು. ಬೆಳಗ್ಗೆ ನೋಡಿದರೆ ಡಿಸ್ಕ್ ಖಾಲಿ. ತನಿಖೆ ನಡೆದಾಗ ಇನ್ನೊಂದು ದೋಷವೂ ಹೊರಬಿತ್ತು. ಹೀಗೆ ಅಳಿಸುವ ಮುನ್ನ ಪಾಸ್‌ವರ್ಡ್ ಕೇಳಬೇಕಾದ ಸಾಲುಗಳನ್ನು 2011ರಲ್ಲಿ ತಂತ್ರಾಂಶವನ್ನು ತಿದ್ದುವಾಗ ಕಂಪನಿಯವರೇ ನಿಷ್ಕ್ರಿಯಗೊಳಿಸಿದ್ದರು. ಬಾಗಿಲಿತ್ತು, ಚಿಲಕ ಬಿಚ್ಚಿಟ್ಟಿದ್ದರು. ಹತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೆಟ್ಟಿಗೆಯನ್ನು ಅಂತರಜಾಲದಿಂದ ತಕ್ಷಣ ಕಳಚಿಡಿ ಎಂದು ಕಂಪನಿ ಎಚ್ಚರಿಸಿತು, ಅಳಿದ ಮಾಹಿತಿಯನ್ನು ಹೊರತೆಗೆದುಕೊಡುವ ಸೇವೆಯನ್ನೂ ಆಮೇಲೆ ಒದಗಿಸಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಡಿಸ್ಕ್ ಖಾಲಿಯಾದ ಎಲ್ಲರೂ ಅತ್ತಿರಲಾರರು. ಅದೇ ಫೋಟೋಗಳು ಕಂಪ್ಯೂಟರಿನಲ್ಲೂ ಇದ್ದವರಿಗೆ ಒಂದು ಭಾನುವಾರದ ಕೆಲಸವಷ್ಟೇ. ಜಾಗ ಉಳಿಸಲೆಂದು ಕಂಪ್ಯೂಟರಿನಿಂದ ಅಳಿಸಿ ಪೆಟ್ಟಿಗೆಯಲ್ಲಿ ಮಾತ್ರ ಇಟ್ಟವರ ಕಥೆ ಬೇರೆ. ಅವರು ಅದನ್ನು ಬ್ಯಾಕಪ್ ಎಂದು ಕರೆಯುತ್ತಿದ್ದರು, ನಿಜಕ್ಕೂ ಅದು ಮೂಲ ಪ್ರತಿಯೇ ಆಗಿತ್ತು. ಪಹಣಿ ಕಳೆದರೆ ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಅಂಕಪಟ್ಟಿಯ ನಕಲನ್ನು ಬೋರ್ಡಿನಿಂದ ತರಿಸಿಕೊಳ್ಳಬಹುದು. ತೀರಿಕೊಂಡ ಅಜ್ಜಿ ಸೋಬಾನೆ ಹೇಳಿದ ಧ್ವನಿಮುದ್ರಿಕೆಯನ್ನು, ಅಂತಿಮ ವರ್ಷದ ಪ್ರಾಜೆಕ್ಟಿಗೆಂದು ಆರು ತಿಂಗಳು ಕೂಡಿಹಾಕಿದ ಮಾಹಿತಿಯನ್ನು ಯಾವ ಕಚೇರಿಯೂ ಮತ್ತೆ ಕೊಡದು. ಇಂಥವಕ್ಕೆ ಎರಡು ಬೇರೆ ಬೇರೆ ಜಾಗದಲ್ಲಿ ಪ್ರತಿ ಇರಬೇಕು. ಅವುಗಳಲ್ಲೊಂದು ಯಾವ ತಂತಿಗೂ ಸಿಕ್ಕಿಸದೆ ಬೀರುವಿನಲ್ಲಿರಬೇಕು. ಒಂದು ಸಾಧಾರಣ ಯುಎಸ್‌ಬಿ ಡಿಸ್ಕ್ ಸಾಕು.

ಕೆಲವು ಮನೆಗಳಲ್ಲಿ ಇದಕ್ಕೆ ತಿರುಗುಮುರುಗಾದ ಪ್ರಸಂಗ ನಡೆಯುತ್ತದೆ. ಹೊಸ ಲ್ಯಾಪ್‌ಟಾಪ್ ಬಂದ ದಿನ ಹಳೆಯ ಬ್ಯಾಕಪ್ ಪೆಟ್ಟಿಗೆ ಕಾಣಿಸುವುದೇ ಇಲ್ಲ. ಕೆಟ್ಟಿತೆಂದು ಅದನ್ನು ಗುಜರಿಗೆ ಹಾಕುವ ಮೊದಲು ಸ್ವಲ್ಪ ತಡೆಯಬೇಕು. ಎರಡು ಯಂತ್ರಗಳು ಮಾತಾಡಿಕೊಳ್ಳಲು ಒಂದು ಭಾಷೆ ಬೇಕಷ್ಟೆ. ಹಳೆಯ ಪೆಟ್ಟಿಗೆಗಳಲ್ಲಿ ಎಷ್ಟೋ ಎಸ್‌ಎಂಬಿ-1 ಎಂಬ ಹಳೆಯ ಭಾಷೆಯನ್ನಷ್ಟೇ ಬಲ್ಲವು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಂಗೆಡಿಸಿದ ‘ವಾನಾಕ್ರೈ’ ಹಬ್ಬಿದ್ದು ಅದೇ ಭಾಷೆಯ ದೋಷ ಹಿಡಿದು. ಅದೇ ವರ್ಷದ ಕೊನೆಯಿಂದ ಹೊಸದಾಗಿ ಅಳವಡಿಸುವ ವಿಂಡೋಸ್‌ನಲ್ಲಿ ಅದನ್ನು ತಾನಾಗಿ ಹಾಕುವುದನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹೀಗಾಗಿ ಪೆಟ್ಟಿಗೆ ಬದುಕಿದೆ, ಕಡತಗಳೂ ಇವೆ, ಮಾತು ಮಾತ್ರ ನಿಂತಿದೆ. ಕಂಪ್ಯೂಟರ್ ಬಲ್ಲ ವಿದ್ಯಾರ್ಥಿಗೆ ಇದು ಒಳ್ಳೆಯ ಕೆಲಸ: ರೂಟರಿನಿಂದ ಹೊರಗಿನ ತಂತಿ ಕಳಚಿ, ಹಳೆಯ ಕಂಪ್ಯೂಟರಿನಲ್ಲಾಗಲಿ ವಿಂಡೋಸ್‌ನ ಆ ಹಳೆಯ ಸೌಲಭ್ಯವನ್ನು ಅಷ್ಟು ಹೊತ್ತಿಗೆ ಮಾತ್ರ ಚಾಲೂ ಮಾಡಿಯಾಗಲಿ, ಕಡತಗಳನ್ನು ಇಳಿಸಿಕೊಳ್ಳುವುದು. ಮುಗಿದೊಡನೆ ಅದನ್ನು ಆಫ್ ಮಾಡಲು ಮರೆಯಬಾರದು.

ಅಂಗಡಿಗಳಲ್ಲಿ ಪರಿಚಿತ ಹೆಸರಾದ ಡಿ-ಲಿಂಕ್ 2024ರ ನವೆಂಬರಿನಲ್ಲಿ ಇನ್ನೂ ನೇರವಾಗಿ ಹೇಳಿತು. ಅದರ ಡಿಎನ್‌ಎಸ್-320, ಡಿಎನ್‌ಎಸ್-325 ಮೊದಲಾದ ಹಳೆಯ ಬ್ಯಾಕಪ್ ಪೆಟ್ಟಿಗೆಗಳಲ್ಲಿ ದೂರದಿಂದಲೇ ಹತೋಟಿ ಹಿಡಿಯಬಹುದಾದ ದೋಷ ಪತ್ತೆಯಾದಾಗ, ತೇಪೆ ಕೊಡುವುದಿಲ್ಲ, ಬಳಕೆ ನಿಲ್ಲಿಸಿ ಹೊಸದು ಕೊಳ್ಳಿ ಎಂದುಬಿಟ್ಟಿತು. ಇದು ನ್ಯಾಯವೇ? ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಎಂದಿನವರೆಗೆ ತಿನ್ನಬಹುದೆಂದು ಅಚ್ಚಾಗಿರುತ್ತದೆ. ಸಾವಿರಾರು ರೂಪಾಯಿಯ ಪೆಟ್ಟಿಗೆ ಕೊಂಡವನಿಗೆ ಅದರ ಆಯುಷ್ಯ ತಿಳಿಯುವುದು ಅದು ಮುಗಿದ ಮೇಲೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ವಸ್ತುಗಳಿಗೆ ಎಷ್ಟು ಕಾಲ ತೇಪೆ ಕೊಡುತ್ತೇವೆಂದು ತಯಾರಕರು ಮೊದಲೇ ಹೇಳಬೇಕು, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಇಲ್ಲಿ ಅಂಗಡಿಯವರನ್ನು ಕೇಳಬೇಕಾದವರು ಗ್ರಾಹಕರೇ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಉತ್ತರ ಸಿಕ್ಕೀತು.

ಪಾಲಕರು ಗಮನಿಸಬೇಕಾದ ಇನ್ನೊಂದು ಅಪಾಯವಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಹಳೆಯ ರೂಟರುಗಳ ಹದಿಮೂರು ಮಾದರಿಗಳನ್ನು ಹೆಸರಿಸಿ ಎಚ್ಚರಿಕೆ ಕೊಟ್ಟಿತು. ಖದೀಮರು ಅವುಗಳೊಳಗೆ ಸೇರಿಕೊಂಡು, ಆ ಮನೆಗಳ ವಿಳಾಸದ ಮರೆಯಲ್ಲಿ ಜಾಲಾಡುವ ಅವಕಾಶವನ್ನು ಇತರರಿಗೆ ಬಾಡಿಗೆಗೆ ಕೊಡುತ್ತಿದ್ದರು. ಮನೆಯವರಿಗೆ ಏನೂ ಕಳೆದಂತೆ ಕಾಣದು. ಜಾಲ ಕೊಂಚ ನಿಧಾನವಾದೀತು, ಅಷ್ಟೇ. ಆದರೆ ಯಾರೋ ಎಲ್ಲಿಯೋ ಎಸಗಿದ ವಂಚನೆಯ ಜಾಡು ಹಿಡಿದು ಹೊರಟರೆ ಮೊದಲು ಸಿಗುವುದು ಆ ಮನೆಯ ಸಂಪರ್ಕದ ವಿಳಾಸ.

ಹಾಗಾದರೆ ಲೇತ್ ಮೇಸ್ತ್ರಿಯಂಥವರು ಈ ಲೋಕದಲ್ಲಿ ಇಲ್ಲವೇ? ಇದ್ದಾರೆ. ಲಿಂಕ್‌ಸಿಸ್ ಕಂಪನಿ 2003ರಲ್ಲಿ ತನ್ನೊಂದು ರೂಟರಿನ ತಂತ್ರಾಂಶದ ಮೂಲ ಬರಹವನ್ನು ಬಹಿರಂಗಪಡಿಸಬೇಕಾಗಿ ಬಂತು. ಅದರಲ್ಲಿ ಬಳಸಿದ್ದ ಲಿನಕ್ಸ್‌ನ ಪರವಾನಗಿಯ ಕರಾರೇ ಹಾಗಿತ್ತು. ಆಸಕ್ತರು ಅದನ್ನು ಹಿಡಿದು ಮರುವರ್ಷ ‘ಓಪನ್‌ಡಬ್ಲ್ಯೂಆರ್‌ಟಿ’ ಎಂಬ ಉಚಿತ ತಂತ್ರಾಂಶವನ್ನು ಆರಂಭಿಸಿದರು. ಕಂಪನಿ ಕೈಬಿಟ್ಟ ಎಷ್ಟೋ ರೂಟರುಗಳಿಗೆ ಇಂದಿಗೂ ಇದರಿಂದ ತೇಪೆ ಸಿಗುತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಆದರೆ ನೆನಪಿನ ಶಕ್ತಿ ತೀರಾ ಕಡಿಮೆಯಿರುವ ಅಗ್ಗದ ಪೆಟ್ಟಿಗೆಗಳಲ್ಲಿ ಇದರ ಹೊಸ ಆವೃತ್ತಿ ಹಿಡಿಸುವುದಿಲ್ಲ. ತಪ್ಪು ಕಡತ ಹಾಕಿದರಂತೂ ಪೆಟ್ಟಿಗೆ ಮತ್ತೆ ಏಳುವುದಿಲ್ಲ. ಹಾಗಾದದ್ದನ್ನು ಬಲ್ಲವರು ‘ಇಟ್ಟಿಗೆ’ ಎಂದೇ ಕರೆಯುತ್ತಾರೆ. ಮನೆಯಲ್ಲಿರುವ ಒಂದೇ ರೂಟರಿನ ಮೇಲೆ, ಅದರಲ್ಲೂ ಪರೀಕ್ಷೆಯ ಹಿಂದಿನ ದಿನ, ಈ ಪ್ರಯೋಗ ಬೇಡ!

ಉಳಿದ ಕೆಲಸಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ಹೈಸ್ಕೂಲು ಹುಡುಗಿಯೂ ಮಾಡಬಹುದು. ಪೆಟ್ಟಿಗೆಯನ್ನು ತಿರುವಿ ಹಾಕಿದರೆ ಬೆನ್ನಿನ ಚೀಟಿಯಲ್ಲಿ ಮಾದರಿಯ ಹೆಸರು, ಅದರ ಜೊತೆ ಎ1, ಬಿ2 ಎಂಬಂಥ ಆವೃತ್ತಿಯ ಗುರುತು ಇರುತ್ತದೆ. ಎರಡನ್ನೂ ಬರೆದುಕೊಂಡು ಕಂಪನಿಯ ತಾಣದಲ್ಲಿ ಹುಡುಕಿದರೆ ಕೊನೆಯ ತೇಪೆ ಯಾವ ವರ್ಷದ್ದೆಂದು ತಿಳಿಯುತ್ತದೆ. ಫೈಬರ್ ಹಾಕಿಕೊಟ್ಟವರೇ ತಂದಿಟ್ಟ ಪೆಟ್ಟಿಗೆಯಾದರೆ ಅವರನ್ನೇ ಕೇಳಬೇಕು. ಪಾಸ್‌ವರ್ಡಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ನೆಂಟರು ಬಂದಾಗ ಕೊಡುವ ವೈಫೈ ಪಾಸ್‌ವರ್ಡ್ ಬೇರೆ, ರೂಟರಿನ ಒಳಗಿನ ವ್ಯವಸ್ಥೆಯನ್ನೇ ಬದಲಿಸಬಲ್ಲ ಪಾಸ್‌ವರ್ಡ್ ಬೇರೆ. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ‘ಅಡ್ಮಿನ್’ ಎಂದೇ ಬಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಹೊರಗಿನಿಂದ ರೂಟರನ್ನು ನಿಯಂತ್ರಿಸುವ ಸೌಲಭ್ಯ ಚಾಲೂ ಇದ್ದರೆ ಅದನ್ನೂ ನಿಲ್ಲಿಸಬೇಕು.

ಕೊನೆಗೆ ಹಳೆಯ ಪೆಟ್ಟಿಗೆ ಹೊರಹೋಗುವ ದಿನ. ರೂಟರಿನ ಹಿಂದೆ ಸೂಜಿಮೊನೆಯಷ್ಟು ತೂತಿನಲ್ಲಿ ಒಂದು ಗುಂಡಿಯಿರುತ್ತದೆ. ದೀಪಗಳೆಲ್ಲ ಆರಿ ಹತ್ತುವವರೆಗೆ ಅದನ್ನು ಒತ್ತಿ ಹಿಡಿದರೆ ಒಳಗೆ ಉಳಿದ ಮನೆಯ ಪಾಸ್‌ವರ್ಡುಗಳು ಹೋಗುತ್ತವೆ. ಬ್ಯಾಕಪ್ ಪೆಟ್ಟಿಗೆಯನ್ನಂತೂ ಡಿಸ್ಕ್ ಸಮೇತ ಗುಜರಿಯವನ ತಕ್ಕಡಿಗೆ ಹಾಕಬಾರದು. ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು, ಖಾಲಿ ಡಬ್ಬ ಕೊಟ್ಟರೂ ಅವನು ತೂಕಕ್ಕೆ ತಕ್ಕ ಬೆಲೆ ಕೊಡುತ್ತಾನೆ.