ಕೆಂದಳಿರು ಇರುವಾಗ ಮೇಪಲ್ ಯಾಕೆ?

ನೊಯಿಡಾ, ಗುರುಗ್ರಾಮಗಳ ತೋಟದಲ್ಲಿ ಚಳಿಗಾಲದ ಬಣ್ಣಕ್ಕೆಂದು ಜಪಾನಿ ಮೇಪಲ್ ನೆಡುವವರನ್ನು ಕಂಡರೆ ನನಗೆ ಆ ಗಿಡದ ಮೇಲೇ ಕನಿಕರ. ಅದು ತಂಪು, ತೇವ ಬೇಡುವ ಮರ. ಚಳಿಗೆ ತೊಗಟೆ ಹವಳದಂತೆ ಕೆಂಪಾಗುವ ‘ಸಾಂಗೊ-ಕಾಕು’ ತಳಿ ಚೆಂದವೇ, ಒಪ್ಪೋಣ. ಆದರೆ ಜೂನ್ ಬರುತ್ತದಲ್ಲ! 45 ಡಿಗ್ರಿ ಬಿಸಿಲು, ಮೇಲೆ ಲೂ ಗಾಳಿ. ತೆಳುವಾದ ಎಲೆ ಅಂಚಿನಿಂದ ಸುಟ್ಟುಕೊಂಡು ಬರುತ್ತದೆ. ನೆರಳುಬಲೆ ಕಟ್ಟಿ, ದಿನವೂ ನೀರು ಹೊಯ್ದು ಉಳಿಸಬಹುದು ಎನ್ನುತ್ತೀರಾ? ಪಕ್ಕದ ಗಲ್ಲಿಯವರು ಟ್ಯಾಂಕರಿಗೆ ಸಾಲು ನಿಂತಿರುವಾಗ?

ಜಪಾನಿಯಲ್ಲಿ ‘ಮೊಮಿಜಿ’ ಎಂದರೆ ಮೇಪಲ್ ಮರವೂ ಹೌದು, ಶರತ್ಕಾಲದಲ್ಲಿ ಕೆಂಪೇರಿದ ಎಲೆಯೂ ಹೌದು. ಆ ಪದ ಅಲ್ಲಿನ ಹವೆಯಲ್ಲಿ ಬೆಳೆದದ್ದು. ಕನ್ನಡದಲ್ಲಿರುವ ಪದ ‘ಕೆಂದಳಿರು’. ನಮ್ಮ ಮರಗಳ ಎಲೆ ಹುಟ್ಟುವಾಗಲೇ ಕೆಂಪು. ದೆಹಲಿಯಲ್ಲೂ ಅಷ್ಟೇ: ಚಳಿ ಇಳಿಯುತ್ತಿದ್ದಂತೆ ಬಸರಿ, ಅಂದರೆ ಇಲ್ಲಿಯವರ ಪಿಲ್ಖನ್, ಎಲೆ ಉದುರಿಸಿ ತಾಮ್ರದ ಬಣ್ಣಕ್ಕೆ ಚಿಗುರುತ್ತದೆ. ಬೂರುಗ ಬೋಳು ಕೊಂಬೆಯ ತುಂಬ ಕೆಂಪು ಹೂ ಹೊರುತ್ತದೆ. ಡಿಸೆಂಬರಿಗೇ ಬಣ್ಣ ಬೇಕೆಂದರೆ ಕುಂಡದಲ್ಲಿ ಸೇವಂತಿಗೆ ಇದೆ.

ನಾನು ಬಾಡಿಗೆಗಿರುವ ಸೊಸೈಟಿಯಲ್ಲಿ ಮೇಪಲ್ಲಿಗೆ ದುಡ್ಡಿದೆ. ಬಸರಿಯ ಎಲೆ ಮಾತ್ರ ಕಸ. ಅದರ ಬುಡದವರೆಗೂ ಟೈಲ್ಸ್. ಮರದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶಿಸಿತ್ತು. ಮೇಪಲ್ಲಿನ ದುಡ್ಡಲ್ಲಿ ಆ ಟೈಲ್ಸ್ ಕೀಳಿಸಿ. ಬಣ್ಣದ ಕೆಲಸ ಬಸರಿ ನೋಡಿಕೊಳ್ಳುತ್ತದೆ.