ಹಾಡು ಕೇಳಿಸುವ ಯಂತ್ರಕ್ಕೆ ಕಿವಿ ಮೂಡುವ ಮುನ್ನ

2021ರ ಜನವರಿಯಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಹಾಡು ಕೇಳಿಸುವ ಸ್ಪಾಟಿಫೈ ಕಂಪನಿಗೆ ಒಂದು ಪೇಟೆಂಟ್ ಮಂಜೂರು ಮಾಡಿತು. ಅದಕ್ಕೆ ಅರ್ಜಿ ಹೋಗಿದ್ದು 2018ರ ಫೆಬ್ರುವರಿಯಲ್ಲಿ. ಬಳಕೆದಾರರು ಮಾತಾಡುವ ದನಿಯನ್ನೂ ಅವರ ಹಿಂದೆ ಕೇಳುವ ಸದ್ದನ್ನೂ ಬಿಡಿಸಿ ನೋಡಿ, ಅದಕ್ಕೆ ತಕ್ಕ ಹಾಡು ಆರಿಸಿ ಹಾಕುವ ವಿಧಾನ ಅದು. ಪೇಟೆಂಟ್ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು. ಓದಿದರೆ ದನಿಯಿಂದ ಏನೇನು ಹೆಕ್ಕಬಹುದು ಎಂಬುದು ಅಲ್ಲೇ ಬಿಚ್ಚಿಟ್ಟಿದೆ. ಮಾತಾಡುವವರು ಖುಷಿಯಲ್ಲಿದ್ದಾರೋ, ಸಿಟ್ಟಿನಲ್ಲೋ, ಭಯದಲ್ಲೋ, ದುಃಖದಲ್ಲೋ, ಗಂಡೋ ಹೆಣ್ಣೋ, ವಯಸ್ಸು ಎಷ್ಟಿರಬಹುದು, ಮಾತಿನ ಧಾಟಿ ಯಾವ ಸೀಮೆಯದು. ಹಿನ್ನೆಲೆಯಲ್ಲಿ ವಾಹನದ ಸದ್ದು, ಹಕ್ಕಿಯ ದನಿ, ಪ್ರಿಂಟರ್ ಓಡುವ ಶಬ್ದ ಕೇಳಿದರೆ ಅವರು ಎಲ್ಲಿದ್ದಾರೆ, ಒಬ್ಬರೇ ಇದ್ದಾರೋ ನಾಲ್ಕು ಜನರ ನಡುವೆ ಇದ್ದಾರೋ ಎಂಬುದನ್ನೂ ಊಹಿಸಬಹುದು.

ಇಷ್ಟೆಲ್ಲ ಯಾಕೆ ಬೇಕು ಎಂಬುದಕ್ಕೆ ಕಾರಣವನ್ನೂ ಅದೇ ದಾಖಲೆ ಕೊಡುತ್ತದೆ. ನಿಮಗೆ ಏನಿಷ್ಟ, ನೀವು ಯಾರು ಎಂದು ಬಳಕೆದಾರರನ್ನು ಕೇಳಿ ಭರ್ತಿ ಮಾಡಿಸುವುದು ತ್ರಾಸಿನ ಕೆಲಸ. ಆ ತ್ರಾಸನ್ನು ತಪ್ಪಿಸಿ ತಂತ್ರಜ್ಞಾನವೇ ತಿಳಿದುಕೊಳ್ಳಲಿ ಎನ್ನುತ್ತದೆ. ಈ ವಾದವನ್ನು ನಿಧಾನವಾಗಿ ಓದಬೇಕು. ನಮ್ಮನ್ನು ಕೇಳಿದರೆ ‘ಹೇಳಲಾರೆ’ ಎನ್ನುವ ದಾರಿಯೊಂದು ಉಳಿದಿರುತ್ತದೆ. ಸುಳ್ಳು ವಯಸ್ಸು ಬರೆಯುವ ದಾರಿಯೂ ಇರುತ್ತದೆ. ಕೇಳದೆಯೇ ತಿಳಿದುಕೊಂಡರೆ ಎರಡೂ ಮುಚ್ಚಿದವು.

ಪೇಟೆಂಟ್ ಸಿಕ್ಕ ವರ್ಷವೇ ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಆಕ್ಸೆಸ್ ನೌ ಸಂಸ್ಥೆ ಕಂಪನಿಗೆ ಪತ್ರ ಬರೆಯಿತು. ಈ ತಂತ್ರವನ್ನು ನಾವು ಬಳಸಿಲ್ಲ, ಬಳಸುವ ಯೋಜನೆಯೂ ಇಲ್ಲ ಎಂದು ಕಂಪನಿ ಉತ್ತರ ಕೊಟ್ಟಿತು. ಬಳಿಕ ನೂರಕ್ಕೂ ಹೆಚ್ಚು ಸಂಗೀತಗಾರರು ಮತ್ತು ಸಂಘಟನೆಗಳು ಸೇರಿ, ಹಾಗಾದರೆ ಮುಂದೆಂದೂ ಬಳಸುವುದಿಲ್ಲ, ಮಾರುವುದಿಲ್ಲ, ಬೇರೆಯವರಿಗೆ ಪರವಾನಗಿ ಕೊಡುವುದಿಲ್ಲ ಎಂದು ಬಹಿರಂಗವಾಗಿ ಮಾತು ಕೊಡಿ ಎಂದು ಒತ್ತಾಯಿಸಿದರು. ಕಂಪನಿಯ ಉತ್ತರವನ್ನು ಅನುಮಾನಿಸಲು ನಮ್ಮ ಬಳಿ ಆಧಾರವಿಲ್ಲ. ಪೇಟೆಂಟ್ ಪಡೆದು ಕಪಾಟಿನಲ್ಲಿಟ್ಟು ಮರೆಯುವುದು ಈ ಉದ್ಯಮದಲ್ಲಿ ದಿನನಿತ್ಯದ ಸಂಗತಿ. ಆದರೆ ‘ಈಗ ಯೋಜನೆ ಇಲ್ಲ’ ಎಂಬುದಕ್ಕೂ ‘ಎಂದಿಗೂ ಇಲ್ಲ’ ಎಂಬುದಕ್ಕೂ ನಡುವೆ ಇರುವ ಅಂತರದಲ್ಲೇ ನಮ್ಮ ಆತಂಕವಿದೆ.

ಈ ದಾರಿಯಲ್ಲಿ ಸ್ಪಾಟಿಫೈ ಒಬ್ಬಂಟಿಯಲ್ಲ. 2018ರ ಅಕ್ಟೋಬರಿನಲ್ಲಿ ಅಮೆಜಾನ್ ಪಡೆದ ಪೇಟೆಂಟ್ ಒಂದರಲ್ಲಿ ಹೀಗೊಂದು ಚಿತ್ರಣವಿದೆ: ಹೆಂಗಸೊಬ್ಬಳು ಕೆಮ್ಮುತ್ತ, ಮೂಗು ಎಳೆಯುತ್ತ ಅಲೆಕ್ಸಾ ಜೊತೆ ಮಾತಾಡುತ್ತಾಳೆ. ಆಕೆಗೆ ಹುಷಾರಿಲ್ಲ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಚಿಕನ್ ಸೂಪ್ ಮಾಡುವ ವಿಧಾನ ಹೇಳಲೇ ಎನ್ನುತ್ತದೆ, ಆಮೇಲೆ ಕೆಮ್ಮಿನ ಮಾತ್ರೆ ತರಿಸಲೇ ಎಂದು ಕೇಳುತ್ತದೆ. ಅಕ್ಕರೆಯಂತೆ ಕಾಣುವ ಈ ಮಾತುಕತೆಯ ಕೊನೆಗೆ ಆಗುವುದು ವ್ಯಾಪಾರ. ಮಾತಿನ ಧಾಟಿ ಹಿಡಿದು ಮನಸ್ಸನ್ನು ಓದುವ ಆಸೆ ಕಾಗದದಲ್ಲೇ ಉಳಿಯಲೂ ಇಲ್ಲ. 2020ರಲ್ಲಿ ಅಮೆಜಾನ್ ‘ಹೇಲೋ’ ಎಂಬ ಕೈಪಟ್ಟಿಯನ್ನು ಮಾರುಕಟ್ಟೆಗೆ ಬಿಟ್ಟಾಗ, ಧರಿಸಿದವರ ದನಿಯಲ್ಲಿ ಎಷ್ಟು ಉತ್ಸಾಹವಿದೆ, ಎಷ್ಟು ಬೇಸರವಿದೆ ಎಂದು ಹೇಳುವ ಸೌಲಭ್ಯ ಅದರಲ್ಲಿತ್ತು. 2023ರಲ್ಲಿ ಆ ಉತ್ಪನ್ನವನ್ನೇ ನಿಲ್ಲಿಸಿದರು. ಪಟ್ಟಿ ಹೋಯಿತು, ವಿದ್ಯೆ ಉಳಿಯಿತು.

ಹಾಡುವ ಯಂತ್ರಕ್ಕೂ ಕಿವಿಗೂ ಇರುವ ನಂಟಿನ ಕಥೆ ಹಳೆಯದು. ಎಡಿಸನ್ ಅವರ ಫೋನೋಗ್ರಾಫಿಗೆ ಪೇಟೆಂಟ್ ಸಿಕ್ಕಿದ್ದು 1878ರ ಫೆಬ್ರುವರಿಯಲ್ಲಿ. ಆ ಯಂತ್ರ ಮನುಷ್ಯರ ಮಾತನ್ನು ಕೇಳಿಸಿಕೊಂಡು ತವರದ ಹಾಳೆಯ ಮೇಲೆ ಗೀರುತ್ತಿತ್ತು, ಮತ್ತೆ ಅದನ್ನೇ ನುಡಿಯುತ್ತಿತ್ತು. ಅದಕ್ಕೆ ಕಿವಿಯೂ ಇತ್ತು, ಬಾಯಿಯೂ ಇತ್ತು. ಅದರಿಂದ ಆಗಬಹುದಾದ ಉಪಯೋಗಗಳನ್ನು ಎಡಿಸನ್ ಅದೇ ವರ್ಷ ಪಟ್ಟಿ ಮಾಡಿದಾಗ ಕಾಗದಪತ್ರ ಹೇಳಿ ಬರೆಸುವುದು ಮೊದಲನೆಯದಾಗಿತ್ತು, ಸಂಗೀತ ನಾಲ್ಕನೆಯದಾಗಿತ್ತು. ಹತ್ತು ವರ್ಷದೊಳಗೆ ಬರ್ಲಿನರ್ ಅವರ ಗ್ರಾಮೊಫೋನ್ ಬಂತು. ಅದರ ತಟ್ಟೆ ಕಾರ್ಖಾನೆಯಲ್ಲಿ ಅಚ್ಚಾಗಿ ಬರುತ್ತಿತ್ತು, ಮನೆಯ ಪೆಟ್ಟಿಗೆ ಹಾಡುತ್ತಿತ್ತು, ಅಷ್ಟೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಮುದ್ರಣಗಳನ್ನು ಆಮೇಲೆ ಯಾವ ಮನೆಯಲ್ಲಿ, ಯಾರು, ಎಂಥ ಮನಃಸ್ಥಿತಿಯಲ್ಲಿ ಕೇಳಿದರು ಎಂಬುದು ಪೆಟ್ಟಿಗೆಗೂ ಗೊತ್ತಿರಲಿಲ್ಲ, ಕಂಪನಿಗೂ ಗೊತ್ತಿರಲಿಲ್ಲ.

ರೇಡಿಯೊದ ಕಥೆಯೂ ಅದೇ. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ಯನ್ನು ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಮನುಷ್ಯನ ಮನಸ್ಸನ್ನು ಅಭ್ಯಾಸ ಮಾಡಿದವರೇ ಮನೆಮನೆಗೆ ಸಂಗೀತ ಕಳಿಸಿದರು. ಆದರೂ ಕೇಳುಗರ ಮನಸ್ಸು ಅವರ ಕೈಗೆ ಎಟುಕದೆ ಕ್ಷೇಮವಾಗಿತ್ತು. ಆಮೇಲೆ ಬಂದ ಟೇಪ್ ರೆಕಾರ್ಡರಿಗೆ ಕಿವಿ ಇತ್ತಾದರೂ ಅದರ ಕೀಲಿ ನಮ್ಮ ಬೆರಳಲ್ಲಿತ್ತು. ಬಹುಪಾಲು ಸೆಟ್‌ಗಳಲ್ಲಿ ಕೆಂಪು ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ, ಬಲವಾಗಿ ಒತ್ತಿದರಷ್ಟೇ ರೆಕಾರ್ಡಿಂಗ್ ಶುರುವಾಗುತ್ತಿತ್ತು. ಕೈತಪ್ಪಿ ಆಗದಿರಲಿ ಎಂದು ಯಾರೋ ಎಂಜಿನಿಯರ್ ಯೋಚಿಸಿ ಮಾಡಿದ ಏರ್ಪಾಡು ಅದು. ಇಂದು ಹಾಡಿನ ಆ್ಯಪ್‌ಗೆ ಮೈಕ್ ಅನುಮತಿ ಕೊಡಲು ಒಂದು ಸಲ ಬೆರಳು ತಾಗಿಸಿದರೆ ಸಾಕು.

ನಮ್ಮ ನಾಡಿಗೆ ಈ ಮಾತು ಹೆಚ್ಚು ತಟ್ಟಲು ಬಲವಾದ ಕಾರಣವಿದೆ. ಪೇಟೆಂಟ್ ಬರೆದವರಿಗೆ ಮಾತಿನ ಧಾಟಿ ಎಂದರೆ ಅಭಿರುಚಿಯ ಒಂದು ಸುಳಿವು, ಅಷ್ಟೇ ಇರಬಹುದು. ಕನ್ನಡದಲ್ಲಿ ಅದು ಅಷ್ಟಕ್ಕೆ ನಿಲ್ಲುವುದಿಲ್ಲ. ನಾಲ್ಕು ಮಾತು ಕೇಳಿದರೆ ಧಾರವಾಡವೋ, ಕುಂದಾಪುರವೋ, ಕಲಬುರಗಿಯೋ, ಚಾಮರಾಜನಗರವೋ ಎಂದು ನಾವು ಹೇಳಿಬಿಡುತ್ತೇವೆ. ಊರಿನ ಜೊತೆಗೆ ಜಾತಿಯನ್ನೂ ಮಾತು ಬಿಟ್ಟುಕೊಡುತ್ತದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1960ರ ಹೊತ್ತಿಗೇ ಬ್ರಾಹ್ಮಣ, ಬ್ರಾಹ್ಮಣೇತರ ಕನ್ನಡಗಳ ನಡುವಿನ ವ್ಯತ್ಯಾಸಗಳನ್ನು ಅಭ್ಯಾಸ ಮಾಡಿ ಬರೆದಿದ್ದರು. ‘ಅ’ಕಾರ ‘ಹ’ಕಾರದ ಕಾರಣಕ್ಕೆ ತರಗತಿಯಲ್ಲಿ, ಸಂದರ್ಶನದಲ್ಲಿ ಅವಮಾನ ಉಂಡವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಬಾಡಿಗೆಗೆ ಮನೆ ನೋಡಲು ಹೋದಾಗ ಮಾಲೀಕರು ಮಾತಾಡಿಸುವುದೇ ಜಾತಿ ತಿಳಿಯಲಿಕ್ಕೆ. ಮನುಷ್ಯರು ಮಾಡುವ ಈ ಅನ್ಯಾಯದ ಊಹೆಯನ್ನು ಯಂತ್ರವೂ ಕಲಿತರೆ, ಅದು ಒಬ್ಬರ ತಲೆಯಲ್ಲಿ ಉಳಿಯುವುದಿಲ್ಲ. ದಾಖಲೆಯಾಗುತ್ತದೆ, ಮಾರಾಟವಾಗುತ್ತದೆ, ಸಾಲ ಕೊಡುವ ಆ್ಯಪ್‌ವರೆಗೂ ಹೋಗಿ ಕೂರಬಹುದು.

ಹಿನ್ನೆಲೆಯ ಸದ್ದಂತೂ ಇನ್ನೂ ವಾಚಾಳಿ. ಬೆಳಗಿನ ಆರು ಗಂಟೆಗೆ ಯಾರಾದರೂ ಫೋನಿಗೆ ಬಾಯಿ ಕೊಟ್ಟು ಹಾಡೊಂದರ ಹೆಸರು ಹೇಳುತ್ತಾರೆ ಅನ್ನಿ. ಆ ಮೂರು ಸೆಕೆಂಡಿನಲ್ಲಿ ಮೈಕಿಗೆ ಹಾಡಿನ ಹೆಸರಷ್ಟೇ ಬೀಳುವುದಿಲ್ಲ. ಪಕ್ಕದ ಮನೆಯ ಸುಪ್ರಭಾತ, ಅಥವಾ ಮಸೀದಿಯ ಆಜಾನ್, ಅಥವಾ ಚರ್ಚಿನ ಗಂಟೆ, ಕುಕ್ಕರಿನ ಸೀಟಿ, ಒಳಕೋಣೆಯಲ್ಲಿ ಕೆಮ್ಮುವ ಮುದುಕರು, ತೊಟ್ಟಿಲ ಮಗುವಿನ ಅಳು. ಮನೆಯ ಧರ್ಮ, ಮನೆಯ ಕಾಯಿಲೆ, ಮನೆಯ ಮಂದಿ, ಎಲ್ಲವೂ ಅದರಲ್ಲಿವೆ. ಅಳುವ ಮಗು ಯಾವ ಷರತ್ತಿಗೂ ಒಪ್ಪಿಗೆ ಕೊಟ್ಟಿಲ್ಲ, ಕೆಮ್ಮುವ ಅಜ್ಜನೂ ಕೊಟ್ಟಿಲ್ಲ.

ಪೇಟೆಂಟ್ ಅಮೆರಿಕದ್ದಲ್ಲವೇ, ಇಲ್ಲಿ ನಡೆಯುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅವರು ಪೇಟೆಂಟ್ ಎಂದರೇನು ಎಂಬುದನ್ನು ತಪ್ಪಾಗಿ ತಿಳಿದಿದ್ದಾರೆ. ಪೇಟೆಂಟ್ ಕೊಡುವುದು ಒಂದು ಕೆಲಸ ಮಾಡುವ ಅನುಮತಿಯನ್ನಲ್ಲ. ಬೇರೆಯವರು ಅದನ್ನು ಮಾಡದಂತೆ ತಡೆಯುವ ಹಕ್ಕನ್ನು. ಆ ಹಕ್ಕು ಕೊಟ್ಟ ದೇಶದ ಗಡಿಯೊಳಗೆ ಮಾತ್ರ ಅದು ನಡೆಯುತ್ತದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರೀ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಅಲ್ಗಾರಿದಮ್‌ಗಳಿಗೆ ಪೇಟೆಂಟ್ ಕೊಡುವುದಿಲ್ಲ ಎನ್ನುತ್ತದೆ. ಅದು ಒಳ್ಳೆಯ ಕಲಮು, ಇರಬೇಕಾದದ್ದು. ಆದರೆ ಈ ವಿಷಯದಲ್ಲಿ ಅದು ನಮ್ಮನ್ನು ಕಾಯುವುದಿಲ್ಲ. ಯಾರಿಗೂ ಇಲ್ಲಿ ಏಕಸ್ವಾಮ್ಯ ಸಿಗದಿದ್ದರೆ, ವಿಧಾನವನ್ನು ಪೂರ್ತಿ ವಿವರಿಸಿದ ದಾಖಲೆಯನ್ನು ಓದಿ ಯಾವ ಕಂಪನಿ ಬೇಕಾದರೂ ಇಲ್ಲಿ ಅದನ್ನು ಮಾಡಬಹುದು. ತಡೆಯುವುದಿದ್ದರೆ ಬೇರೆ ಕಾನೂನು ತಡೆಯಬೇಕು.

ಆ ಕಾನೂನು ನಮ್ಮಲ್ಲಿ ಅರ್ಧ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ಅದರ ಬೆನ್ನಿಗೆ 2018ರಲ್ಲಿ ಸಿದ್ಧವಾದ ವೈಯಕ್ತಿಕ ಮಾಹಿತಿ ರಕ್ಷಣೆಯ ಮಸೂದೆಯ ಕರಡು ಜಾತಿ, ಧಾರ್ಮಿಕ ನಂಬಿಕೆ, ಆರೋಗ್ಯ ಮುಂತಾದವನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿಟ್ಟು ಹೆಚ್ಚಿನ ರಕ್ಷಣೆ ಕೊಟ್ಟಿತ್ತು. 2023ರಲ್ಲಿ ಕಾಯ್ದೆಯಾಗಿ ಹೊರಬಂದಾಗ ಆ ವಿಂಗಡಣೆಯೇ ಇರಲಿಲ್ಲ. ಉಳಿದದ್ದು ಒಪ್ಪಿಗೆಯ ಕಲಮು: ಹೇಳಿದ ಉದ್ದೇಶಕ್ಕೆ ಎಷ್ಟು ಅಗತ್ಯವೋ ಅಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯ. ಕಾಯ್ದೆಯೇ ಇದಕ್ಕೆ ಉದಾಹರಣೆ ಕೊಡುತ್ತದೆ. ಫೋನಿನಲ್ಲಿ ವೈದ್ಯರನ್ನು ಕಾಣಿಸುವ ಆ್ಯಪ್ ನಿಮ್ಮ ಸಂಪರ್ಕ ಪಟ್ಟಿಯನ್ನೂ ಕೇಳಿ, ನೀವು ಹೂಂ ಅಂದಿದ್ದರೂ, ಚಿಕಿತ್ಸೆಗೆ ಆ ಪಟ್ಟಿ ಅಗತ್ಯವಿಲ್ಲದ್ದರಿಂದ ಆ ಒಪ್ಪಿಗೆ ನಿಲ್ಲುವುದಿಲ್ಲ. ಉದಾಹರಣೆ ಚೆನ್ನಾಗಿದೆ. ಆದರೆ ಹಾಡಿನ ಕಂಪನಿಯ ವಕೀಲರು ಏನನ್ನುತ್ತಾರೆ ನೋಡಿ: ನಮ್ಮ ಉದ್ದೇಶವೇ ನಿಮ್ಮ ಮನಸ್ಸಿಗೆ ಒಪ್ಪುವ ಹಾಡು ಹಾಕುವುದು, ಅದಕ್ಕೆ ನಿಮ್ಮ ಮನಸ್ಸು ತಿಳಿಯುವುದು ಅಗತ್ಯ. ಉದ್ದೇಶವನ್ನು ಅಗಲವಾಗಿ ಬರೆದುಕೊಂಡರೆ ಅಗತ್ಯವೂ ತಾನಾಗಿ ಅಗಲವಾಗುತ್ತದೆ. ಈ ಸಂದನ್ನು ಈಗಲೇ ಮುಚ್ಚಬೇಕು.

ಈಗಲೇ ಎನ್ನಲು ಕಾರಣ, ಕಾಯ್ದೆಯ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಕಂಪನಿಗಳು ಹೊಂದಿಕೊಳ್ಳಲು ಹದಿನೆಂಟು ತಿಂಗಳ ಅವಧಿ ಕೊಟ್ಟಿದ್ದಾರೆ. ಈ ಅವಧಿಯಲ್ಲೇ ಕೇಂದ್ರ ಸರ್ಕಾರ ದನಿಯ ಬಗ್ಗೆ ಸ್ಪಷ್ಟ ನಿಯಮ ಸೇರಿಸಲಿ. ದನಿಯಿಂದಾಗಲಿ ಹಿನ್ನೆಲೆಯ ಸದ್ದಿನಿಂದಾಗಲಿ ಭಾವನೆ, ಜಾತಿ, ಧರ್ಮ, ಸೀಮೆ, ಆರೋಗ್ಯವನ್ನು ಊಹಿಸಿ ವ್ಯಾಪಾರಕ್ಕೆ ಬಳಸಕೂಡದು. ಒಪ್ಪಿಗೆ ಇದೆ ಎಂಬುದು ಅದಕ್ಕೆ ನೆಪವಾಗಕೂಡದು. ಇದು ಅತಿಯಾದ ಬೇಡಿಕೆಯಲ್ಲ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದನ್ನು ನಿಷೇಧಿಸುವ ಕಲಮು ಇದೇ ಕಾಯ್ದೆಯಲ್ಲಿದೆ. ಕೆಲಸದ ಜಾಗದಲ್ಲಿ, ಶಾಲೆಗಳಲ್ಲಿ ಯಂತ್ರದಿಂದ ಭಾವನೆ ಅಳೆಯುವುದನ್ನು ಯುರೋಪಿನ ಒಕ್ಕೂಟ ಕೆಲವೇ ವಿನಾಯಿತಿಗಳೊಡನೆ 2025ರ ಫೆಬ್ರುವರಿಯಿಂದ ನಿಲ್ಲಿಸಿದೆ.

ಸಂಗೀತದ ಕಡೆಯಿಂದಲೂ ಒಂದು ಮಾತು. ಮನಸ್ಸು ಇದ್ದಂತೆ ಹಾಡು ಎಂಬ ಲೆಕ್ಕಾಚಾರವೇ ಕೇಳುಗರನ್ನು ಕುಗ್ಗಿಸುತ್ತದೆ. ಸಾವಿನ ಮನೆಯಿಂದ ಬಂದವರು ಕುಣಿತದ ಹಾಡು ಹಾಕಿಕೊಳ್ಳಬಹುದು, ಮದುವೆಯ ಹಿಂದಿನ ರಾತ್ರಿ ಯಾರೋ ಅಳುವ ಹಾಡು ಹುಡುಕಬಹುದು. ಧಾರವಾಡದಲ್ಲಿ ರಾತ್ರಿಯಿಡೀ ಕಛೇರಿ ಕೇಳಿದವರು ತಮ್ಮ ಮನಃಸ್ಥಿತಿಗೆ ತಕ್ಕ ರಾಗ ಕೇಳಲು ಹೋದವರಲ್ಲ. ರಾಗ ಕರೆದುಕೊಂಡು ಹೋದ ಕಡೆ ಹೋಗಲು ಕೂತವರು. ದುಃಖದಲ್ಲಿರುವವರಿಗೆ ದುಃಖದ ಹಾಡನ್ನೇ ಒಂದರ ಹಿಂದೊಂದು ಬಡಿಸುವ ಯಂತ್ರ ಅವರನ್ನು ಅಲ್ಲೇ ಕಟ್ಟಿಹಾಕುತ್ತದೆ. ಯಾರೂ ನೋಡದ, ಯಾರೂ ಲೆಕ್ಕ ಇಡದ ಒಂದು ಮೂಲೆ ಬದುಕಿನಲ್ಲಿ ಉಳಿದಿದ್ದರೆ ಅದು ಹಾಡು ಕೇಳುವ ಹೊತ್ತು. ಅದನ್ನು ಬಿಟ್ಟುಕೊಡಬಾರದು.

ಕನ್ನಡದ ಒಳನುಡಿಗಳನ್ನು ಯಂತ್ರಕ್ಕೆ ಕಲಿಸುವುದೇ ಬೇಡ ಎಂಬುದು ನಮ್ಮ ವಾದವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಮಾತನ್ನು, ಅವುಗಳ ಪ್ರಾದೇಶಿಕ ಭೇದಗಳ ಸಮೇತ, ಕೃಷಿ ಮತ್ತು ಹಣಕಾಸಿನ ಸೇವೆಗಳಿಗಾಗಿ ಸಂಗ್ರಹಿಸಿದೆ. ಕಲಬುರಗಿಯ ರೈತರ ಮಾತು ಯಂತ್ರಕ್ಕೆ ಅರ್ಥವಾಗಬೇಕು, ಅದು ಅವರ ಹಕ್ಕು. ಆಡಿದ ಮಾತನ್ನು ಅರ್ಥ ಮಾಡಿಕೊಳ್ಳುವುದು ಒಂದು ಕೆಲಸ, ಆಡಿದವರನ್ನು ಅಳೆಯುವುದು ಇನ್ನೊಂದು. ಎರಡನ್ನೂ ಬೇರೆ ಮಾಡುವುದು ಬೆಂಗಳೂರಿನಲ್ಲಿ ಕೂತು ಈ ತಂತ್ರಾಂಶ ಬರೆಯುವ ಎಂಜಿನಿಯರುಗಳ ಕೈಲಿದೆ. ದನಿಯನ್ನು ಫೋನಿನಲ್ಲೇ ಅಕ್ಷರಕ್ಕೆ ಇಳಿಸುವ ತಂತ್ರ ಬಂದು ವರ್ಷಗಳಾದವು. ಹಾಡಿನ ಹೆಸರು ಅಕ್ಷರವಾದ ಮೇಲೆ ಅದಷ್ಟೇ ಸರ್ವರಿಗೆ ಹೋಗಲಿ, ದನಿ ಫೋನಿನಲ್ಲೇ ಅಳಿಸಿಹೋಗಲಿ. ಹಾಗೆ ಮಾಡುತ್ತೇವೋ ಇಲ್ಲವೋ ಎಂಬುದನ್ನು ಪ್ರತಿ ಹಾಡಿನ ಕಂಪನಿಯೂ ಗ್ರಾಹಕರಿಗೆ ಲಿಖಿತವಾಗಿ, ಕನ್ನಡದಲ್ಲಿ ತಿಳಿಸಲಿ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ನೋಟಿಸ್ ಪಡೆಯುವ ಹಕ್ಕನ್ನು ಹೊಸ ಕಾಯ್ದೆ ಕೊಟ್ಟಿದೆ. ಕೇಳಿ ಪಡೆಯೋಣ.