ಮನೆಯ ಕಾರನ್ನು ಓಟದ ಕಣಕ್ಕೆ ಒಯ್ಯುವ ಮುನ್ನ



ಕೊಯ್ಲು, ಸಾಲ ವಸೂಲಿ, ಗೊಬ್ಬರದ ದಾಸ್ತಾನು ಇವುಗಳ ವಿಚಾರವನ್ನೇ ಬರೆಯುತ್ತ ಬಂದ ಈ ಪುಟದಲ್ಲಿ ಕಾರಿನ ಓಟದ ಮಾತೇಕೆ ಎಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಕಾರಣವಿದೆ. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ನಮ್ಮ ಅನೇಕ ಸದಸ್ಯರ ಮನೆ ಮುಂದೆ ಕಾರು ಬಂದು ನಿಂತಿದೆ. ಅದರ ಕೀಲಿಕೈ ಮಕ್ಕಳ ಕೈ ಸೇರಿದೆ. ಬೆಂಗಳೂರಿನಲ್ಲಿ ಓದುವ, ನೌಕರಿ ಮಾಡುವ ಈ ಹುಡುಗರಲ್ಲಿ ಕೆಲವರಿಗೆ ಈಗ ಹೊಸದೊಂದು ಹುಮ್ಮಸ್ಸು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲೋ ಕೊಯಮತ್ತೂರಿನಲ್ಲೋ ಇರುವ ಓಟದ ಪಥಕ್ಕೆ ಮನೆಯ ಕಾರನ್ನೇ ಒಯ್ದು, ಶುಲ್ಕ ಕಟ್ಟಿ, ಮನದಣಿಯೆ ಓಡಿಸಿ ಬರುವುದು. ಇದಕ್ಕೆ ಅವರು ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಸಂಘದ ಕಚೇರಿಗೆ ಬರುವ ತಂದೆಯಂದಿರು ಪಾಸ್‌ಬುಕ್ ಮಡಚಿಟ್ಟುಕೊಳ್ಳುತ್ತ, “ಕಳಿಸಬಹುದೇನ್ರೀ ಸೆಕ್ರೆಟರಿಗಳೇ?” ಎಂದು ಕೇಳುತ್ತಾರೆ.

ಕಳಿಸಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಕಾರು ಮರಳಿ ಬಾರದಿದ್ದರೂ ಮನೆ ನಡೆಯುತ್ತದೆಯೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಿದ ಮೇಲೆ ಮಾತ್ರ. ಏಕೆಂಬುದನ್ನು ವಿವರಿಸುತ್ತೇನೆ.

ಮೊದಲಿಗೆ, ಇದು ಪಂದ್ಯವಲ್ಲ. ಪಂದ್ಯದಲ್ಲಿ ಎಲ್ಲರೂ ಒಮ್ಮೆಲೆ ಹೊರಡುತ್ತಾರೆ, ಮೊದಲು ಮುಟ್ಟಿದವನಿಗೆ ಬಹುಮಾನ. ಟ್ರ್ಯಾಕ್ ಡೇಯಲ್ಲಿ ಕಾರುಗಳನ್ನು ತಂಡ ತಂಡವಾಗಿ ಹದಿನೈದು ಇಪ್ಪತ್ತು ನಿಮಿಷಗಳ ಸರದಿಯಂತೆ ಬಿಡುತ್ತಾರೆ. ಹಿಂದಿಕ್ಕಲು ನೇರ ದಾರಿಯಲ್ಲಿ ಮಾತ್ರ ಅವಕಾಶ, ಅದೂ ಮುಂದಿನವನು ದಾರಿ ಬಿಟ್ಟ ಮೇಲೆ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟುವಂತಿಲ್ಲ. ಕೆಂಪು ಬಾವುಟ ಬಂದರೆ ಎಲ್ಲರೂ ನಿಧಾನವಾಗಿ ಹಿಂದಿರುಗಬೇಕು. ನೀಲಿ ಎಂದರೆ ಹಿಂದೆ ಚುರುಕಿನವನು ಬರುತ್ತಿದ್ದಾನೆಂದು ಅರ್ಥ. ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಆಂಬುಲೆನ್ಸು ಪಕ್ಕದಲ್ಲೇ ನಿಂತಿರುತ್ತದೆ. ಇಷ್ಟರ ಮಟ್ಟಿಗೆ ಅದು ನಮ್ಮ ಹೆದ್ದಾರಿಗಿಂತ ಸಭ್ಯವಾದ ಜಾಗ.

ಹೆದ್ದಾರಿಯ ಮಾತು ಬಂದುದರಿಂದ ಹೇಳುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯೇ ತಿಳಿಸಿದೆ. ಅದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಸಾವಿಗೆ ಅತಿವೇಗವೇ ಕಾರಣವೆಂದು ಬರೆದುಕೊಂಡಿದ್ದಾರೆ. ಚಿತ್ರದುರ್ಗ–ದಾವಣಗೆರೆ ನಡುವಿನ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಕಾರಿನ ಮುಳ್ಳು ಎಲ್ಲಿಗೆ ಮುಟ್ಟುತ್ತದೆಂದು ನೋಡುವ ಹುಡುಗರು ನಮ್ಮ ನಿಮ್ಮ ಮನೆಯವರೇ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ. ಈ ಚಪಲ ಇರುವ ಹುಡುಗನಿಗೆ “ಬೇಡ” ಎಂದರೆ ಚಪಲ ಹೋಗುವುದಿಲ್ಲ, ರಾತ್ರಿಗೆ ಮುಂದೂಡಲ್ಪಡುತ್ತದೆ, ಅಷ್ಟೆ. ಅದಕ್ಕೆಂದೇ ಕಟ್ಟಿದ ಜಾಗಕ್ಕೆ ಹಗಲಲ್ಲಿ ಕಳಿಸುವುದು ಲೇಸೆಂದು ನಾನು ಹೇಳುವುದು ಇದರಿಂದಲೇ.

ಮನೆಯ ಕಾರನ್ನು ಓಟಕ್ಕೆ ಬಿಡುವುದು ನಮ್ಮ ದೇಶದಲ್ಲಿ ಹೊಸತೂ ಅಲ್ಲ. ಎರಡನೇ ಮಹಾಯುದ್ಧದ ಕಾಲದ, ಬಳಕೆ ತಪ್ಪಿದ ವಿಮಾನದಾರಿಯೊಂದು ಚೆನ್ನೈನ ಉತ್ತರಕ್ಕೆ ಷೋಳವರಂನಲ್ಲಿತ್ತು. ಮದರಾಸಿನ ಮೋಟಾರು ಕ್ರೀಡಾ ಸಂಘದವರು ಅಲ್ಲಿ ದಶಕಗಳ ಕಾಲ ಓಟ ನಡೆಸಿದರು. ವಿದೇಶದಿಂದ ತಂದ ಓಟದ ಕಾರುಗಳ ಜೊತೆಗೆ ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳೂ ಅಲ್ಲಿ ಧೂಳೆಬ್ಬಿಸಿದವು. ಅದೇ ಸಂಘದವರು 1990ರ ಹೊತ್ತಿಗೆ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಸುಮಾರು 3.7 ಕಿ.ಮೀ. ಸುತ್ತಳತೆಯ ಕಾಯಂ ಪಥವನ್ನು ಮಾಡಿಕೊಂಡರು. ಕೊಯಮತ್ತೂರಿನದು ಚಿಕ್ಕದು, 2.1 ಕಿ.ಮೀ. ಅದಕ್ಕೆ ಎಸ್. ಕರಿವರ್ಧನ್ ಅವರ ಹೆಸರಿದೆ. ನಮ್ಮ ನಿಮ್ಮ ಮನೆಯಲ್ಲಿದ್ದ ಮಾರುತಿ 800ರ ಎಂಜಿನ್ನನ್ನೇ ಹಿಂದಕ್ಕೆ ಕೂರಿಸಿ ಒಂಟಿ ಆಸನದ ಓಟದ ಕಾರು ಮಾಡಿ ಬಡ ಓಟಗಾರರಿಗೆ ದಾರಿ ತೋರಿಸಿದ ಪುಣ್ಯಾತ್ಮ ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಇನ್ನು ನಮ್ಮ ಹಿರಿಯರ ರೂಢಿಯಲ್ಲೇ ಇದಕ್ಕೊಂದು ಹೋಲಿಕೆಯಿದೆ. ಕರಾವಳಿಯ ಕಂಬಳದ ಕೋಣ ಓಟಕ್ಕೆಂದೇ ಸಾಕಿದ್ದು. ಅದಕ್ಕೆ ಹುರುಳಿ ಬೇರೆ, ಎಣ್ಣೆ ಬೇರೆ, ಆಳು ಬೇರೆ. ನಮ್ಮ ಬಯಲುಸೀಮೆಯ ಗಾಡಿ ಓಟಕ್ಕೆ ಎಷ್ಟೋ ಮನೆಗಳಲ್ಲಿ ಕಟ್ಟುತ್ತಿದ್ದುದು ಉಳುವ ಎತ್ತನ್ನೇ. ಅಂಥ ಎತ್ತನ್ನು ಹೂಡುವ ಮೊದಲು ಮನೆಯ ಯಜಮಾನ ಗೊರಸು ನೋಡುತ್ತಿದ್ದ, ಲಾಳ ನೋಡುತ್ತಿದ್ದ, ಹಿಂದಿನ ವಾರ ಭಾರ ಹೇರುತ್ತಿರಲಿಲ್ಲ. ಎತ್ತು ಕುಂಟಾದರೆ ಮುಂಗಾರಿಗೆ ಬಿತ್ತನೆ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮನೆಯ ಕಾರೂ ಹಾಗೆಯೇ. ಸೋಮವಾರ ಅದೇ ಕಾರಿನಲ್ಲಿ ಅಜ್ಜಿಯನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯಬೇಕು.

ಹುಡುಗರೆಲ್ಲ ಎಂಜಿನ್ನಿನ ಮಾತಾಡುತ್ತಾರೆ: ಎಷ್ಟು ಅಶ್ವಶಕ್ತಿ, ಎಷ್ಟು ಸೆಕೆಂಡಿಗೆ ನೂರು. ಓಟದ ಪಥದಲ್ಲಿ ಸಾಮಾನ್ಯ ಕಾರಿಗೆ ಮೊದಲು ಸೋಲು ಬರುವುದು ಎಂಜಿನ್ನಿನಿಂದಲ್ಲ, ಬ್ರೇಕಿನಿಂದ. ಲೆಕ್ಕ ಸುಲಭ. ವೇಗ ಇಮ್ಮಡಿಯಾದರೆ ಅದರಲ್ಲಿನ ಶಕ್ತಿ ನಾಲ್ಮಡಿ. ಜನ ಸೇರಿ 1100 ಕಿಲೋ ತೂಗುವ ಕಾರನ್ನು ಗಂಟೆಗೆ 140 ಕಿ.ಮೀ.ನಿಂದ 70ಕ್ಕೆ ಇಳಿಸಿದರೆ ಅದರ ಶಕ್ತಿಯ ಮುಕ್ಕಾಲು ಪಾಲು ಹೊರಹೋಗಬೇಕು, ಹೋಗುವುದು ಬಹುಪಾಲು ಬ್ರೇಕಿನ ಶಾಖವಾಗಿ. ಒಂದೇ ಒಂದು ಸಲ ಹಾಗೆ ಒತ್ತಿದಾಗ ಹುಟ್ಟುವ ಶಾಖದಿಂದ ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಊರ ರಸ್ತೆಯಲ್ಲಿ ಹಾಗೆ ಒತ್ತುವುದು ದಿನಕ್ಕೊಮ್ಮೆಯೋ ಎರಡು ಸಲವೋ. ನಡುವೆ ಗಾಳಿಗೆ ಆರಲು ಬೇಕಾದಷ್ಟು ಹೊತ್ತು. ಇರುಂಗಾಟ್ಟುಕೋಟೈಯಲ್ಲಿ ಒಂದು ಸುತ್ತಿಗೆ ಹನ್ನೆರಡು ತಿರುವು. ಕಾಲು ಗಂಟೆಯಲ್ಲಿ ಆರೇಳು ಸುತ್ತು. ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಉರಿ ತೆಗೆಯದೆ ಸೌದೆ ಒಟ್ಟಿದ ಹಾಗೆ.

ಆಗ ಆಗುವುದೇನು? ಬ್ರೇಕ್ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 3 ಎಂಬ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಮೂರು ನಾಲ್ಕು ವರ್ಷ ಬದಲಿಸದ ಎಣ್ಣೆ ಕೊಳವೆಯಲ್ಲಿ ಕುದಿದು ಆವಿಯಾಗುತ್ತದೆ. ಎಣ್ಣೆಯನ್ನು ಅಮುಕಲು ಆಗುವುದಿಲ್ಲ, ಆದ್ದರಿಂದಲೇ ಅದು ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆವಿಯನ್ನು ಅಮುಕಬಹುದು. ಹಾಗಾಗಿ ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ. ನಮ್ಮ ಕಡೆಯ ಹುಡುಗನೊಬ್ಬನ ಸಣ್ಣ ಕಾರಿಗೆ ಎರಡನೇ ಸರದಿಯಲ್ಲೇ ಹೀಗಾದುದನ್ನು ನಾನು ಕಟಾಂಜನದ ಆಚೆ ನಿಂತು ನೋಡಿದ್ದೇನೆ. ತಿರುವಿನಾಚೆ ಬಯಲಿತ್ತು, ಹುಲ್ಲಿನಲ್ಲಿ ಓಡಿ ನಿಂತ. ನಮ್ಮ ಘಾಟಿಗಳಲ್ಲಿ ಬಯಲಿರುವುದಿಲ್ಲ.

ಆದ್ದರಿಂದ ಹೊರಡುವ ವಾರ ಹಳೆಯ ಎಣ್ಣೆ ತೆಗೆಸಿ, ಮುಚ್ಚಿದ ಡಬ್ಬಿಯಿಂದ ಹೊಸ ಡಾಟ್ 4 ಹಾಕಿಸಿ, ಗಾಳಿ ತೆಗೆಸಬೇಕು. ಕಂಪನಿಯವರು ಬೇರೆ ದರ್ಜೆ ಬರೆದಿದ್ದರೆ ಮಾತ್ರ ಅವರ ಮಾತಿನಂತೆ. ಪ್ಯಾಡು ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಹೊಸತು. ಇದಕ್ಕೆ ತಗಲುವ ಖರ್ಚು ಅಬ್ಬರದ ಸೈಲೆನ್ಸರಿಗೆ ತಗಲುವುದಕ್ಕಿಂತ ಬಹಳ ಕಡಿಮೆ. ಸೈಲೆನ್ಸರು, ಎಂಜಿನ್ ಮಾರ್ಪಾಡು ಇವೆಲ್ಲ ನನ್ನ ಮಟ್ಟಿಗೆ ಬೇಡವೇ ಬೇಡ, ಆರ್.ಸಿ.ಯಲ್ಲಿ ಇರುವುದಕ್ಕೆ ಹೊರತಾಗುವಂತೆ ವಾಹನ ಬದಲಿಸುವುದನ್ನು ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. ಚಾಲಕನಿಗೆ ಕೈ ಪಳಗುವ ಮುನ್ನ ಎಂಜಿನ್ನಿಗೆ ಬಲ ಕೊಡುವುದು ಉಪಕಾರವೂ ಅಲ್ಲ. ಸ್ಟೆಪ್ನಿ, ಜಾಕು, ಕಾಲೊರಸು, ನೀರಿನ ಬಾಟಲಿ ಎಲ್ಲ ಕೆಳಗಿಳಿಸಬೇಕು. ಪೆಡಲಿನ ಕೆಳಗೆ ಉರುಳಿದ ಬಾಟಲಿ ಒಂದೇ ಸಾಕು. ಚಕ್ರದ ನಟ್ಟು ಬಿಗಿ ನೋಡಬೇಕು. ಟೈರು ಕಾದಂತೆ ಗಾಳಿಯ ಒತ್ತಡ ನಾಲ್ಕಾರು ಪೌಂಡು ಏರುತ್ತದೆ, ಪ್ರತಿ ಸರದಿಯ ನಂತರ ಅಳೆಯಬೇಕು. ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕು ಮುಟ್ಟದೆ ಆರಿಸುತ್ತ ಬರಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಎತ್ತರದ ಜೀಪಿನಂಥ ಗಾಡಿಗಳನ್ನು ಒಯ್ಯಲೇಬೇಡಿ. ತೋಟದ ಏರಿಗೆ ಅವು ಒಳ್ಳೆಯವು, ಬಿರುಸಿನ ತಿರುವಿಗಲ್ಲ.

ಈಗ ನನ್ನ ಕಸುಬಿಗೆ ಸಂಬಂಧಿಸಿದ ಮಾತು. ನಿಮ್ಮ ವಿಮಾ ಪಾಲಿಸಿಯ ಕಾಗದ ತೆಗೆದು, ‘ಉಪಯೋಗದ ಮಿತಿ’ ಎಂಬ ಸಾಲುಗಳನ್ನು ಓದಿ. ವ್ಯವಸ್ಥಿತ ಓಟ, ವೇಗಪರೀಕ್ಷೆ ಇವುಗಳಿಗೆ ರಕ್ಷಣೆ ಇಲ್ಲವೆಂದು ನಮ್ಮ ದೇಶದ ಸಾಮಾನ್ಯ ಪಾಲಿಸಿಗಳಲ್ಲಿ ಬರೆದೇ ಇರುತ್ತದೆ. “ಇದು ಪಂದ್ಯವಲ್ಲ, ತರಬೇತಿ” ಎಂದು ಹುಡುಗರು ವಾದಿಸುತ್ತಾರೆ. ಗೋಡೆಗೆ ಗುದ್ದಿದ ಮೇಲೆ ಆ ವಾದವನ್ನು ವಿಮೆಯವರ ಮುಂದೆ ಹೂಡಬೇಕಾದವನು ತಂದೆ. ಪಥದ ಬಾಗಿಲಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ, ಏನಾದರೂ ಹೊಣೆ ನಮ್ಮದಲ್ಲ ಎಂದು ಅವರೂ ಬರೆದಿರುತ್ತಾರೆ. ಕಾರು ಸಾಲದ್ದಾಗಿದ್ದರೆ ಇನ್ನೂ ಒಂದು ತೊಡಕು. ಜಜ್ಜಿದ ಕಾರು ಗುಜರಿಗೆ ಹೋದರೂ ಕಂತು ನಿಲ್ಲುವುದಿಲ್ಲ. ಅಡಿಕೆ ಮಾರಿದ ಹಣದಿಂದ ಇಲ್ಲದ ಕಾರಿಗೆ ಬಡ್ಡಿ ಕಟ್ಟಬೇಕು, ಜಾಮೀನು ನಿಂತ ನೆರೆಯವನ ಹೆಸರೂ ಅದರಲ್ಲಿರುತ್ತದೆ. ಹೀಗಾಗಿ ನಾನು ಖಡಾಖಂಡಿತವಾಗಿ ಹೇಳುವುದು: ಕಂತು ತೀರದ ಕಾರನ್ನು ಓಟದ ಪಥಕ್ಕೆ ಒಯ್ಯಬಾರದು. ತೀರಿದ ಹಳೆಯ ಸಣ್ಣ ಕಾರಿದ್ದರೆ ಅದೇ ಕಲಿಯಲು ಉತ್ತಮ. ನಿಧಾನದ ಕಾರಿನಲ್ಲಿ ತಪ್ಪು ನಿಧಾನವಾಗಿ ಕಾಣುತ್ತದೆ.

ಜೀವಭಯವೇ ಇಲ್ಲವೆಂದು ನಾನು ಹೇಳಲಾರೆ. 2023ರ ಜನವರಿಯಲ್ಲಿ ಇರುಂಗಾಟ್ಟುಕೋಟೈಯ ಕಾರು ಪಂದ್ಯದಲ್ಲಿ 59 ವರ್ಷದ ಅನುಭವಿ ಓಟಗಾರ ಕೆ.ಇ. ಕುಮಾರ್ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಅಲ್ಲಿಯೇ ಬೈಕ್ ಪಂದ್ಯದಲ್ಲಿ ಮಡಿದ. ಅವು ಪಂದ್ಯಗಳು, ಟ್ರ್ಯಾಕ್ ಡೇ ಅಲ್ಲ. ಆದರೂ ಡಾಂಬರು ಒಂದೇ. ಹೆಲ್ಮೆಟ್ಟು ಬಾಡಿಗೆಗೆ ಸಿಗುತ್ತದೆಂದು ಅವರಿವರ ತಲೆಗೆ ಹೊಂದಿದ್ದನ್ನು ಹಾಕಿಕೊಳ್ಳದೆ ಸರಿಯಾದುದನ್ನು ಕೊಳ್ಳಿ.

ಮಲೆನಾಡಿನ ಸದಸ್ಯರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು. ಅಷ್ಟು ದೂರ ಏಕೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ 2016, 2017ರಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿಯೇ ನಡೆಯಿತಲ್ಲ, ನಮ್ಮ ತೋಟದ ರಸ್ತೆ ಸಾಲದೇ? ಸಾಲದು. ರ‍್ಯಾಲಿಗೆ ದಾರಿ ಮುಚ್ಚಲು ನೂರಾರು ಜನ ಬೇಕು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ನಡೆದ ರಾಷ್ಟ್ರೀಯ ರ‍್ಯಾಲಿಯಲ್ಲಿ ಮುಚ್ಚಿದ್ದ ದಾರಿಗೆ ಮೋಟಾರ್ ಸೈಕಲ್ ಬಂದು, ಓಟದ ಕಾರಿಗೆ ಸಿಕ್ಕಿ ಒಂದೇ ಮನೆಯ ಮೂವರು ಸತ್ತರು. ಪಳಗಿದ ಸಂಘಟಕರಿಗೇ ಹಾಗಾದರೆ, ನಾಲ್ಕು ಜನ ಗೆಳೆಯರು ಸೇರಿ ತೋಟದ ದಾರಿಗೆ ಹಗ್ಗ ಕಟ್ಟಿ ಓಡಿಸುವುದರ ಗತಿಯೇನು? ಕೂಲಿಯಾಳು ಬುಟ್ಟಿ ಹೊತ್ತು ಬರುವ ದಾರಿ ಅದು. ಕೊಯ್ಲಾದ ಬಯಲಿನಲ್ಲಿ ನಿಶಾನೆ ನೆಟ್ಟು ಒಂದೊಂದೇ ಕಾರನ್ನು ಗಡಿಯಾರ ಹಿಡಿದು ಬಿಡುವ ಆಟೋಕ್ರಾಸ್ ಬೇರೆ ಮಾತು. ಪೊಲೀಸರ ಅನುಮತಿ, ಅನುಭವಿ ಕ್ಲಬ್ಬಿನ ಮೇಲ್ವಿಚಾರಣೆ ಇದ್ದರೆ ನಮ್ಮ ಸೊಕ್ಕೆ ಸೀಮೆಯ ಮೆಕ್ಕೆಜೋಳದ ಹೊಲವೂ ಬೇಸಗೆಯಲ್ಲಿ ಅದಕ್ಕೆ ಆದೀತು.

ಕೊನೆಗೆ ಮರಳುವ ದಾರಿಯ ವಿಚಾರ. ಇರುಂಗಾಟ್ಟುಕೋಟೈನಿಂದ ನಮ್ಮೂರಿಗೆ ಐನೂರು ಕಿ.ಮೀ.ಗೂ ಹೆಚ್ಚು. ಇಡೀ ದಿನ ಬಿಸಿಲಲ್ಲಿ ಓಡಿಸಿ ದಣಿದ ಹುಡುಗ, ಸವೆದ ಪ್ಯಾಡು, ಮುಂದಿನ ಟೈರಿನ ಹೊರ ಅಂಚು ಬೋಳು, ಕಣ್ಣಿಗಿನ್ನೂ ಆ ವೇಗದ ರೂಢಿ, ಎದುರಿಗೆ ಲಾರಿಗಳ ದೀಪ. ಅಂದು ರಾತ್ರಿ ಅಲ್ಲಿಯೇ ತಂಗಬೇಕು. ವಸತಿಗೆ ಬೇಕಾಗುವ ಹಣವನ್ನು ಹೊರಡುವಾಗಲೇ ತಾಯಿಯೋ ತಂದೆಯೋ ಕೈಗಿಡಬೇಕು. ಬೆಳಿಗ್ಗೆ ಬ್ರೇಕು ಒತ್ತಿ ನೋಡಿ, ನಟ್ಟು ಇನ್ನೊಮ್ಮೆ ಬಿಗಿದು, ಸ್ಟೆಪ್ನಿ ಮರಳಿ ಹಾಕಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.